ಮೆತ್ತಗಿದ್ದ ರೆಕ್ಕೆ ತುದಿ ಗಟ್ಟಿಯಾಯ್ತು

ದಾವಣಗೆರೆಯ ನಮ್ಮ ಶೆಡ್ಡಿನಲ್ಲಿ ಕಟ್ಟುತ್ತಿರುವ ಪುಟ್ಟ ವಿಮಾನದ ಫೈಬರ್‌ಗ್ಲಾಸ್ ರೆಕ್ಕೆ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಟಪ್ ಅಂತ ಒಳಗೆ ಹೋಗುತ್ತಿತ್ತು. ಹಿಂದಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬೇರೆ. ಹೊರಗಿಂದ ಪದರ ಏರಿಸಿದರೆ ತೂಕ ಜಾಸ್ತಿ. ರೆಕ್ಕೆ ತುದಿಗೆ ಸುಮ್ನೆ ಭಾರ ಹೇರಬಾರದು, ಅಲ್ವಾ?

ಹಾಗಾಗಿ ಒಳಗೆ ಫೋಮಿನ ಅಡ್ಡಪಟ್ಟಿ ಕೊಟ್ಟೆ. ಮೊದಲ ಸಲ ಪಾಲಿಯೆಸ್ಟರ್ ರೆಸಿನ್, ಅಂದರೆ ಒಣಗಿ ಗಟ್ಟಿಯಾಗುವ ಅಂಟುದ್ರವ, ಹಚ್ಚಿದೆ. ಥರ್ಮಾಕೋಲ್ ಜಾತಿಯ ಆ ಫೋಮ್ ನೀರಿಗೆ ಬಿದ್ದ ಬೆಲ್ಲದಂತೆ ಕರಗಿಹೋಯಿತು. ಆಮೇಲೆ ಆ ಫೋಮನ್ನು ಕರಗಿಸದ ಇನ್ನೊಂದು ರೆಸಿನ್, ಎಪಾಕ್ಸಿಗೆ ಬಂದೆ. ಒಳಮೈಯ ಹೊಳಪು ಹೋಗುವವರೆಗೆ 80 ನಂಬರ್ ಸ್ಯಾಂಡ್‌ಪೇಪರಿನಿಂದ ತಿಕ್ಕಿ, ಅಸಿಟೋನಿನಲ್ಲಿ ಒರೆಸಿದೆ. ಪಟ್ಟಿಯ ಮೇಲೆ ಗ್ಲಾಸ್ ಬಟ್ಟೆ ಎರಡು ಪದರ, ಎಳೆಗಳು 45 ಡಿಗ್ರಿ ಓರೆಗೆ. ನಮ್ಮೂರ ಮಧ್ಯಾಹ್ನದ ಬಿಸಿಲಿಗೆ ಎಪಾಕ್ಸಿ ಡಬ್ಬಿಯಲ್ಲೇ ಕಾದು ಬಿಗಿಯುತ್ತದೆ. ಅದಕ್ಕೇ ಬೆಳಗಿನ ಜಾವ, ಸ್ವಲ್ಪ ಸ್ವಲ್ಪವೇ ಕಲಸಿಕೊಂಡೆ.

ಮರುದಿನ ಅದೇ ಜಾಗ ಒತ್ತಿದೆ. ಕದಲಲೇ ಇಲ್ಲ.