ಹೊಸ ರ‍್ಯಾಮ್ ಹಾಕಿದರೂ ಕಂಪ್ಯೂಟರ್ ಹಳೆಯ ಲೆಕ್ಕವನ್ನೇ ತೋರಿಸಿದರೆ

ಉಡುಪಿಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಕೆಲಸ. ಮಲ್ಪೆಯ ಮೀನು ವ್ಯಾಪಾರದ ಆಫೀಸುಗಳಿಂದ ಹಿಡಿದು ಮಣಿಪಾಲದ ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ ತನಕ ಎಲ್ಲವೂ ನನ್ನ ಮೇಜಿಗೆ ಬರುತ್ತವೆ. "ಹೊಸ ರ‍್ಯಾಮ್ ಹಾಕಿದೆ ಮಾರಾಯ್ರೆ, ತಗೊಳ್ತಾ ಇಲ್ಲ, ಪೀಸೇ ಹಾಳು ಕಾಣ್ತದೆ" ಎಂದು ಬರುವವರು ಜಾಸ್ತಿ. ರ‍್ಯಾಮ್ ಎಂದರೆ ಕಂಪ್ಯೂಟರ್ ಓಡುವಾಗ ಬಳಸುವ ಮೆಮೊರಿ. ಹಾಗೆ ಬಂದ ರ‍್ಯಾಮ್‌ಗಳಲ್ಲಿ ನಿಜವಾಗಿ ಹಾಳಾಗಿರುವುದು ಕಡಿಮೆ. ಅದಕ್ಕೇ ಹೇಳುವುದು, ವಾಪಸ್ ಕಳಿಸುವ ಮೊದಲು ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರನ್ನು ಎಬ್ಬಿಸುವ, ಮದರ್‌ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಮ್‌ನಲ್ಲಿ, ಎಷ್ಟು ಜಿಬಿ ಕಾಣುತ್ತದೆ ಎಂದು ನೋಡಿ.

ವಿಂಡೋಸ್ ಶುರುವಾಗುವ ಮೊದಲೇ ಬಯೋಸ್ ರ‍್ಯಾಮನ್ನು ಲೆಕ್ಕ ಹಾಕಿರುತ್ತದೆ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತುತ್ತಾ ಇರಿ. ಲ್ಯಾಪ್‌ಟಾಪ್ ಆದರೆ ಹೆಚ್ಚಾಗಿ ಎಫ್2, ಎಚ್‌ಪಿ ಆದರೆ ಎಫ್10. ಅಲ್ಲಿ ಪೂರ್ತಿ ಕಂಡರೆ ರ‍್ಯಾಮ್ ಸರಿಯಾಗಿ ಕೂತಿದೆ, ಕೊರತೆ ವಿಂಡೋಸ್‌ನಲ್ಲಿ. ಅಲ್ಲಿಯೂ ಹಳೆಯ ಅಂಕಿಯೇ ಇದ್ದರೆ ವಿಂಡೋಸ್ ಮುಟ್ಟಬೇಡಿ, ಕ್ಯಾಬಿನೆಟ್ ಬಿಚ್ಚಿ. ಈ ಒಂದು ನೋಟ ಅರ್ಧ ದಿನದ ತಲೆನೋವು ಉಳಿಸುತ್ತದೆ.

ವಿಂಡೋಸ್ ಕಡೆಯದ್ದು ಬೇಗ ಮುಗಿಯುತ್ತದೆ. ಕಟಪಾಡಿಯ ಒಬ್ಬರು ಟೀಚರ್ 4 ಜಿಬಿಗೆ ಇನ್ನೊಂದು 4 ಸೇರಿಸಿದ್ದರು. 8 ಜಿಬಿ ಎಂದು ಬರೆದಿತ್ತು, ಆದರೆ ಬಳಸಲು ಸಿಗುತ್ತಿದ್ದದ್ದು ಮೂರೂವರೆಗಿಂತ ಕಡಿಮೆ. ಅವರದ್ದು 32 ಬಿಟ್ ವಿಂಡೋಸ್. ಅದು 4 ಜಿಬಿಯಿಂದ ಮೇಲೆ ಹೋಗುವುದಿಲ್ಲ, ಅದರಲ್ಲೂ ಒಂದಷ್ಟು ಗ್ರಾಫಿಕ್ಸ್ ಮತ್ತು ಇತರ ಭಾಗಗಳಿಗೆ ಮೀಸಲು. ಫೈಲ್‌ಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟು 64 ಬಿಟ್ ವಿಂಡೋಸನ್ನು ಹೊಸದಾಗಿ ಹಾಕಬೇಕು, ಅಪ್‌ಡೇಟ್ ಮಾಡಿ ಬದಲಾಯಿಸಲು ಆಗುವುದಿಲ್ಲ. ನಿಮ್ಮದು ಈಗಾಗಲೇ 64 ಬಿಟ್ ಆಗಿದ್ದರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಂಎಸ್‌ಕಾನ್ಫಿಗ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಬೂಟ್, ಆಮೇಲೆ ಅಡ್ವಾನ್ಸ್ಡ್ ಆಪ್ಷನ್ಸ್. ಅಲ್ಲಿ ಮ್ಯಾಕ್ಸಿಮಮ್ ಮೆಮೊರಿ ಎಂಬಲ್ಲಿ ಟಿಕ್ ಇದ್ದರೆ ತೆಗೆದು ರೀಸ್ಟಾರ್ಟ್ ಮಾಡಿ. ಸ್ಪೀಡ್ ಜಾಸ್ತಿ ಆಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಆ ಟಿಕ್ ಹಾಕಿಕೊಂಡವರು ಇದ್ದಾರೆ. ಒಳಗೇ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಒಂದೆರಡು ಜಿಬಿ ಅದಕ್ಕೇ ಹೋಗುವುದು ಸಹಜ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಹಾರ್ಡ್‌ವೇರ್ ರಿಸರ್ವ್ಡ್ ಎಂದು ತೋರಿಸುತ್ತದೆ. ಅದು ದೋಷ ಅಲ್ಲ.

ಇನ್ನು ಕ್ಯಾಬಿನೆಟ್ ಬಿಚ್ಚುವ ಕೆಲಸ. ವಯರ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿಯನ್ನೂ ಬಿಡಿಸಿ. ರ‍್ಯಾಮ್ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಕಬ್ಬಿಣವನ್ನು ಒಮ್ಮೆ ಮುಟ್ಟಿ. ಮಳೆಗಾಲದಲ್ಲಿ ನಮ್ಮಲ್ಲಿ ಸ್ಟ್ಯಾಟಿಕ್, ಅಂದರೆ ಮೈಯಲ್ಲಿ ಸೇರಿಕೊಳ್ಳುವ ಕರೆಂಟ್, ಕಡಿಮೆ, ಆದರೆ ಎಸಿ ರೂಮಿನ ಒಣ ಗಾಳಿಯಲ್ಲಿ ಹಾಗಲ್ಲ.

ಡೆಸ್ಕ್‌ಟಾಪ್‌ನಲ್ಲಿ ರ‍್ಯಾಮನ್ನು ಸ್ಲಾಟ್‌ಗೆ, ಅಂದರೆ ಅದು ಕೂರುವ ಸೀಳಿಗೆ, ಎರಡೂ ತುದಿ ಟಕ್ ಎನ್ನುವ ತನಕ ಒತ್ತಬೇಕು. ಕೆಲವು ಬೋರ್ಡ್‌ಗಳಲ್ಲಿ ಲಾಕ್ ಒಂದೇ ಬದಿಗೆ ಇರುತ್ತದೆ. ಆ ಬದಿ ಕೂತಿತು ಎಂದು ಬಿಟ್ಟರೆ ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೆ ನಿಂತಿರುತ್ತದೆ, ಅಷ್ಟು ಸಾಕು ಕಾಣದಿರಲು. ಲ್ಯಾಪ್‌ಟಾಪ್‌ನಲ್ಲಿ ಓರೆಯಾಗಿ ಒಳಗೆ ತಳ್ಳಿ. ಚಿನ್ನದ ಬಣ್ಣದ ಪಟ್ಟಿ ಬಹುಪಾಲು ಒಳಗೆ ಹೋದ ಮೇಲೆಯೇ ಕೆಳಗೆ ಒತ್ತಿ.

ಕರಾವಳಿಯವರಿಗೆ ನಾನು ಬಹಳ ಒತ್ತಿ ಹೇಳುವುದು ಕ್ಲೀನಿಂಗ್ ಬಗ್ಗೆ. ಕಡಲಿನಿಂದ ಕೂಗಳತೆಯಲ್ಲಿ ಇರುವ ಮನೆ, ಆಫೀಸುಗಳ ಗಾಳಿಯಲ್ಲಿ ಉಪ್ಪೂ ಉಂಟು, ತೇವವೂ ಉಂಟು. ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಸ್ಲಾಟ್‌ನಲ್ಲಿ ಧೂಳು ಹಸಿಯಾಗಿ ಅಂಟಿ ಕೂತಿರುತ್ತದೆ, ಕೆಲವೊಮ್ಮೆ ಇರುವೆಗಳೂ ಸೇರಿಕೊಂಡಿರುತ್ತವೆ. ಅಂಥ ಸ್ಲಾಟ್‌ಗೆ ಹೊಸ ರ‍್ಯಾಮ್ ಹಾಕಿದರೆ ಪಿನ್‌ಗೆ ಪಿನ್ ತಾಗುವುದೇ ಇಲ್ಲ. ಬ್ಲೋವರ್‌ನಿಂದ ಊದಿ, ಮೆತ್ತನೆಯ ಒಣ ಬ್ರಷ್ ಆಡಿಸಿ. ಬಾಯಿಯಿಂದ ಊದಬೇಡಿ, ಎಂಜಲು ಹಾರುತ್ತದೆ. ಗುಂಡುಸೂಜಿ ಹಾಕಿ ಕೆದಕಲೇಬೇಡಿ. ರ‍್ಯಾಮ್‌ನ ಪಟ್ಟಿ ಮಂಕಾಗಿದ್ದರೆ ಮಕ್ಕಳ ಬಿಳಿ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ತೆಗೆಯಿರಿ. ಅದರ ಬದಲು ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ. ಅದರಲ್ಲಿ ಗ್ಲಿಸರಿನ್ ಇರುವುದರಿಂದ ಅಂಟು ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಹಾಕಿ. ನನ್ನಲ್ಲಿಗೆ ಬಂದ ಎಷ್ಟೋ ಕೇಸ್‌ಗಳು ಇಷ್ಟಕ್ಕೇ ಮುಗಿದಿವೆ.

ಇಷ್ಟಾದರೂ ಕಾಣದಿದ್ದರೆ ಅದಲು ಬದಲು ಮಾಡಿ ನೋಡಿ. ಹೊಸದೊಂದನ್ನೇ ಹಳೆಯ ಸ್ಲಾಟ್‌ಗೆ ಹಾಕಿ. ನಡೆದರೆ ರ‍್ಯಾಮ್ ಚೆನ್ನಾಗಿದೆ. ಆಮೇಲೆ ಹಳೆಯದೊಂದನ್ನೇ ಇನ್ನೊಂದು ಸ್ಲಾಟ್‌ಗೆ ಹಾಕಿ. ಅದೂ ಅಲ್ಲಿ ಕಾಣದಿದ್ದರೆ ತಕರಾರು ಬೋರ್ಡ್‌ನದ್ದು. ಒಮ್ಮೊಮ್ಮೆ ಪ್ರೊಸೆಸರ್ ಸಾಕೆಟ್‌ನ ಒಂದು ಪಿನ್ ಬಾಗಿದ್ದರೂ ಒಂದು ಬದಿಯ ಸ್ಲಾಟ್‌ಗಳು ಸತ್ತಂತೆ ಇರುತ್ತವೆ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ, ಬಿಟ್ಟುಬಿಡಿ. ನಾಲ್ಕು ಸ್ಲಾಟ್‌ಗಳಿದ್ದು ಎರಡೇ ರ‍್ಯಾಮ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು ಸರಿಯಾದ ಜಾಗ. ರ‍್ಯಾಮ್‌ನ ಹೊಸ ಜಾತಿಯಾದ ಡಿಡಿಆರ್5 ಆದರೆ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಅದು ರ‍್ಯಾಮ್‌ಗೆ ಹೊಂದಿಕೊಳ್ಳುವ ಹೊತ್ತು, ಗಾಬರಿಯಾಗಿ ಆಫ್ ಮಾಡಬೇಡಿ.

ಕೊಳ್ಳುವಾಗಲೇ ತಪ್ಪಿದ್ದರೆ ಏನು ಮಾಡಿದರೂ ನಡೆಯದು. ಡಿಡಿಆರ್3, 4, 5ರಲ್ಲಿ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಮೋಸ ಆಗುವುದು ಒಂದೇ ಜಾತಿಯೊಳಗೆ. ಇಂಟೆಲ್ 4ನೇ ತಲೆಮಾರಿನ ಲ್ಯಾಪ್‌ಟಾಪ್‌ಗಳಿಗೆ 1.35 ವೋಲ್ಟ್‌ನ ಡಿಡಿಆರ್3ಎಲ್ ಬೇಕು, ಹಳೆಯ 1.5 ವೋಲ್ಟ್‌ನದ್ದು ಅಲ್ಲಿಯೂ ಕೂರುತ್ತದೆ, ಆದರೆ ಕಂಪ್ಯೂಟರ್ ಏಳುವುದಿಲ್ಲ. ಆನ್‌ಲೈನ್‌ನಲ್ಲಿ ಬಹಳ ಅಗ್ಗಕ್ಕೆ ಸಿಗುವುದರಲ್ಲಿ ಮನೆಯ ಕಂಪ್ಯೂಟರ್‌ಗೆ ನಡೆಯದ, ಸರ್ವರ್‌ನ ರಿಜಿಸ್ಟರ್ಡ್ ರ‍್ಯಾಮ್ ಇರುತ್ತದೆ, ಎಎಮ್‌ಡಿ ಬೋರ್ಡ್‌ಗೆ ಮಾತ್ರ ಎಂದು ಸಣ್ಣಕ್ಷರದಲ್ಲಿ ಬರೆದ ಡಿಡಿಆರ್3 ಇರುತ್ತದೆ. ರೇಟು ನೋಡಿ ಆಸೆಪಡಬೇಡಿ. ಬೋರ್ಡ್ ಎಷ್ಟು ಜಿಬಿ ತನಕ ಹಿಡಿಯುತ್ತದೆ ಎಂದೂ ಮೊದಲೇ ನೋಡಿ.

ಬೋರ್ಡ್ ಹಿಡಿಯುತ್ತದೆ ಎಂದಿದ್ದರೂ ಕಾಣದಿದ್ದರೆ, ಬೋರ್ಡ್ ಮೇಲಿರುವ ಕಾಸಿನಗಲದ ಸಿಆರ್2032 ಸೆಲ್ಲನ್ನು ಐದು ನಿಮಿಷ ತೆಗೆದು ವಾಪಸ್ ಹಾಕಿ, ಬಯೋಸ್ ಸೆಟ್ಟಿಂಗ್ ಮೊದಲಿನಂತಾಗುತ್ತದೆ. ಕೊನೆಯ ದಾರಿ ಬಯೋಸ್ ಅಪ್‌ಡೇಟ್. ಜೂನ್, ಜುಲೈನಲ್ಲಿ ಗುಡುಗು, ಗಾಳಿ ಇರುವ ದಿನ ಅದಕ್ಕೆ ಕೈ ಹಾಕಲೇಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಏಳದೆ ಹೋಗಬಹುದು. ಬ್ಯಾಟರಿ ಚೆನ್ನಾಗಿರುವ ಯುಪಿಎಸ್ ಇದ್ದರೆ ಮಾತ್ರ ಮಾಡಿ.

ಪೂರ್ತಿ ಜಿಬಿ ಕಂಡ ಮೇಲೂ ಒಂದು ರಾತ್ರಿ ಪರೀಕ್ಷೆಗೆ ಬಿಡಿ. ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಸಾಕು, ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಓಡಿಸಿದರೆ ಇನ್ನೂ ಒಳ್ಳೆಯದು. ಹೊಸದರ ವೇಗ 3200, ಹಳೆಯದರದ್ದು 2666 ಇದ್ದರೆ ಎರಡೂ 2666ರಲ್ಲೇ ಓಡುತ್ತವೆ, ಅದಕ್ಕೆ ಚಿಂತೆ ಬೇಡ. ಆದರೆ ಪರೀಕ್ಷೆಯಲ್ಲಿ ಒಂದೇ ಒಂದು ಎರರ್ ಬಂದರೂ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. ಎರರ್ ಹೊಸದರದ್ದೇ ಆದರೆ ಬಿಲ್ ಹಿಡಿದು ಅಂಗಡಿಗೆ ಹೋಗಿ, ಬದಲಿ ಕೇಳಿ. ರ‍್ಯಾಮ್ ಮೇಲಿನ ಸ್ಟಿಕ್ಕರ್ ಮಾತ್ರ ಕೀಳಬೇಡಿ, ವಾರಂಟಿಗೆ ಬೇಕಾದ ಸೀರಿಯಲ್ ನಂಬರ್ ಇರುವುದು ಅದರಲ್ಲೇ.