ಇದು ಯಾವ ಊರು ಎಂದು ಕೇಳಿದವಳು

ಲೈಂಗಿಕ ವೃತ್ತಿಯ ಮಹಿಳೆಯರಿಗೆ ಪಡಿತರ, ದಾಖಲೆ, ಕಾನೂನಿನ ನೆರವು ಕೊಡಿಸುವ ಈ ಕೆಲಸಕ್ಕೆ ಬಂದ ಮೊದಲ ವರ್ಷವೇ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಅದು 2020ರ ಕೊನೆ. ಲಾಕ್‌ಡೌನ್‌ನಿಂದ ದಾವಣಗೆರೆಯ ಲೈಂಗಿಕ ವೃತ್ತಿಯ ಮಹಿಳೆಯರ ಮನೆಗಳಲ್ಲಿ ಒಲೆ ಹೊತ್ತುವುದೇ ಕಷ್ಟವಾಗಿತ್ತು. ಗುರುತಿನ ದಾಖಲೆಗೆ ಪಟ್ಟು ಹಿಡಿಯದೆ ಅವರಿಗೆ ಪಡಿತರ ಕೊಡಿ ಎಂದು ಸುಪ್ರೀಂ ಕೋರ್ಟ್ ಆ ಸೆಪ್ಟೆಂಬರ್‌ನಲ್ಲಿ ರಾಜ್ಯಗಳಿಗೆ ಹೇಳಿತ್ತು. ಆದೇಶದ ಪ್ರತಿ ಹಿಡಿದುಕೊಂಡು, ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದ ಗಂಡನನ್ನು ಕಳೆದುಕೊಂಡ ಒಬ್ಬ ಅಕ್ಕನ ಜೊತೆ ಕಚೇರಿಯೊಂದಕ್ಕೆ ಹೋದೆ. ಅಲ್ಲಿ ತಡ ಮಾಡಿದರು, ನನಗೆ ಸಿಟ್ಟು ಬಂತು. ಅಕ್ಕ ಏನು ಕೆಲಸ ಮಾಡುತ್ತಾರೆ, ಕೋರ್ಟು ಏನು ಹೇಳಿದೆ ಎಂಬುದನ್ನು ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ ಹೇಳಿಬಿಟ್ಟೆ. ಅಕ್ಕಿ ಸಿಕ್ಕಿತು. ಆದರೆ ಸಾಲಿನಲ್ಲಿ ಅವರ ಬೀದಿಯವರೂ ಇದ್ದರು. ಮುಂದಿನ ಐದು ತಿಂಗಳು ಅಕ್ಕ ನನ್ನ ಫೋನ್ ಎತ್ತಲಿಲ್ಲ. ಬಾಡಿಗೆ ಮನೆ ಬಿಡಬೇಕಾಯಿತು ಎಂದು ಬೇರೆಯವರಿಂದ ತಿಳಿಯಿತು.

ಅಂದಿನಿಂದ ನಾನು ಕಚೇರಿಗಳಲ್ಲಿ ದನಿ ಎತ್ತುವುದನ್ನು ಬಿಟ್ಟೆ. ಅರ್ಜಿಯನ್ನು ಮೊದಲೇ ಬರೆದು, ಅಧಿಕಾರಿಯನ್ನು ಒಬ್ಬಳೇ ಕಂಡು, ಮಾತು ಮುಗಿಸಿದ ಮೇಲೆಯೇ ಮಹಿಳೆಯನ್ನು ಸಹಿಗೆ ಕರೆಯುತ್ತೇನೆ. 2022ರ ಮೇ 19ರ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ಆಧಾರ್ ಕೆಲಸ ಸುಲಭವಾಯಿತು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) ಗೆಜೆಟೆಡ್ ಅಧಿಕಾರಿ ಅಥವಾ ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆಯ ಯೋಜನಾ ನಿರ್ದೇಶಕರು ಪ್ರಮಾಣಪತ್ರ ಕೊಟ್ಟರೆ ವಿಳಾಸದ ದಾಖಲೆ ಬೇಕಿಲ್ಲ. ವೃತ್ತಿಯ ಗುರುತು ಸಿಗುವಂಥ ಯಾವ ಸಂಕೇತವನ್ನೂ ನೋಂದಣಿ ಸಂಖ್ಯೆಯಲ್ಲಿ ಹಾಕುವಂತಿಲ್ಲ. ಆಧಾರ್ ಆದ ಮೇಲೆ ಬ್ಯಾಂಕ್ ಖಾತೆ, ಪಡಿತರ ಚೀಟಿ, ಈ ಮಹಿಳೆಯರ ಸ್ವಂತ ದುಡಿಮೆಗೆ ನೆರವು ನೀಡುವ ಮಹಿಳಾ ಅಭಿವೃದ್ಧಿ ನಿಗಮದ ಚೇತನಾ ಯೋಜನೆಯ ಅರ್ಜಿ. ಮಂಡಕ್ಕಿ ಮೆಣಸಿನಕಾಯಿ ಅಂಗಡಿಯ ಬೆಂಚಿನ ಮೇಲೆ ಕುಳಿತು ತುಂಬಿಸಿದ ಅರ್ಜಿಗಳೇ ಹೆಚ್ಚು. ಅಂಗಡಿಯಲ್ಲಿ ಇಬ್ಬರು ಹೆಂಗಸರು ಕಾಗದ ಹರಡಿಕೊಂಡು ಕುಳಿತರೆ ಸ್ವಸಹಾಯ ಸಂಘದವರು ಎಂದುಕೊಂಡು ಜನ ಸುಮ್ಮನಾಗುತ್ತಾರೆ.

ಐದು ತಿಂಗಳ ನಂತರ ಅದೇ ಅಕ್ಕ ಮಗನ ಶಾಲೆಯ ಕಾಗದ ಹಿಡಿದು ತಾವಾಗಿಯೇ ಬಂದರು. ನಾನು ಕ್ಷಮೆ ಕೇಳಿದೆ. ಆ ಮಾತನ್ನು ಅವರು ಮುಂದುವರಿಸಲಿಲ್ಲ.

ಇದನ್ನೆಲ್ಲ ಹೇಳಲು ಕಾರಣವಿದೆ. ನಮ್ಮಲ್ಲಿ ಮುಂಬೈಯ ಕಾಮಾಟಿಪುರದಂತೆ ಈ ವೃತ್ತಿಗೇ ಹೆಸರಾದ ಕೇರಿ ಇಲ್ಲ. ಇಲ್ಲಿನ ಕೆಲಸ ಬಸ್ ನಿಲ್ದಾಣದ ಆಸುಪಾಸಿನಲ್ಲಿ, ಬಾಡಿಗೆ ಮನೆಗಳಲ್ಲಿ, ಹೆದ್ದಾರಿಯ ಲಾಡ್ಜುಗಳಲ್ಲಿ, ಹೆಚ್ಚಾಗಿ ಮೊಬೈಲ್ ಕರೆಗಳಲ್ಲಿ ನಡೆಯುತ್ತದೆ. ಮೋಸದಿಂದ ಕರೆತಂದ ಹುಡುಗಿಯೊಬ್ಬಳು ಇಂಥ ಕಡೆ ಸಿಕ್ಕಿಕೊಂಡರೆ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಕಾಣುವುದು ಅದೇ ವೃತ್ತಿಯಲ್ಲಿರುವ ಮಹಿಳೆಯರಿಗೆ ಮಾತ್ರ. ಅವರು ನಮ್ಮನ್ನು ನಂಬಿದರಷ್ಟೇ ಆ ಸುದ್ದಿ ನಮಗೆ ಮುಟ್ಟುತ್ತದೆ.

2024ರ ಮಳೆಗಾಲದ ಒಂದು ರಾತ್ರಿ ಹತ್ತೂವರೆಗೆ ಅಕ್ಕನ ಫೋನ್ ಬಂತು. ಪಿ.ಬಿ. ರಸ್ತೆಯ ಕಡೆಯ ಒಂದು ಲಾಡ್ಜಿನ ಮೆಟ್ಟಿಲ ಬಳಿ ಹೊಸ ಹುಡುಗಿಯೊಬ್ಬಳು ಅವರನ್ನು, ‘ಅಕ್ಕಾ, ಇದು ಯಾವ ಊರು?’ ಎಂದು ಕೇಳಿದ್ದಳು. ಅವಳ ಮೊಬೈಲ್ ಬೇರೊಬ್ಬನ ಕೈಯಲ್ಲಿತ್ತು. ಇಷ್ಟು ಸಾಕಾಯಿತು ಅಕ್ಕನಿಗೆ. ಸ್ವಂತ ನಿರ್ಧಾರದಿಂದ ಬಂದವಳು ಊರಿನ ಹೆಸರು ಕೇಳುವುದಿಲ್ಲ, ಗಿರಾಕಿಯ ಕರೆಯನ್ನು ಇನ್ನೊಬ್ಬನಿಗೆ ಬಿಡುವುದಿಲ್ಲ ಎಂದರು.

112ಕ್ಕೆ ಕರೆ ಮಾಡಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕಿಯನ್ನೂ ಎಬ್ಬಿಸಿದೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ 15ನೇ ಕಲಂ ಪ್ರಕಾರ ಇಂಥ ಶೋಧಕ್ಕೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸ್ ಅಧಿಕಾರಿಗಳು ಜೊತೆಗಿರಬೇಕು. ಅದನ್ನು ನೆನಪಿಸಿದೆ, ಬಂದರು. ಹುಡುಗಿ ಸಿಕ್ಕಳು. ಬೇರೆ ಜಿಲ್ಲೆಯವಳು, ಹತ್ತೊಂಬತ್ತು ತುಂಬಿತ್ತು, ಗಾರ್ಮೆಂಟ್ಸ್ ಕೆಲಸ ಎಂದು ನಂಬಿಸಿ ಕರೆತಂದಿದ್ದರು. ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ, ಅಂದರೆ ಮಾನವ ಕಳ್ಳಸಾಗಣೆ, ಬರಲೇಬೇಕೆಂದು ಮಧ್ಯರಾತ್ರಿಯವರೆಗೆ ಕುಳಿತೆವು. ಅದು ಬಂದರೆ ಅವಳು ಸಂತ್ರಸ್ತೆ ಎಂಬುದು ಮೊದಲ ಕಾಗದದಲ್ಲೇ ದಾಖಲಾಗುತ್ತದೆ. ಮುಂದೆ ಪರಿಹಾರದ ಅರ್ಜಿಗೆ ಅದೇ ಆಧಾರ.

ಆದರೆ ಅದೇ ಜೀಪಿನಲ್ಲಿ ಅಕ್ಕನನ್ನೂ ಅವರ ಗೆಳತಿಯನ್ನೂ ತುಂಬಿಕೊಂಡು ಬಂದಿದ್ದರು. ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಗಳನ್ನು ಕರೆದರು ಎಂದು 1956ರ ಕಾಯ್ದೆಯ 8ನೇ ಕಲಂ. ಅವರ ಕೈಚೀಲದ ಕಾಂಡೋಮ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಪಂಚನಾಮೆ ಬರೆಯುತ್ತಿದ್ದರು. ಅವು ಸರ್ಕಾರದ ಏಡ್ಸ್ ತಡೆ ಕಾರ್ಯಕ್ರಮದಲ್ಲಿ ಹಂಚಿದ ಕಾಂಡೋಮ್‌ಗಳು. ಫೋನ್ ಮಾಡಿದವರು ಇವರೇ ಎಂದೆ. ಕೇಳುವವರಿರಲಿಲ್ಲ.

ಈ ಜಾಗದಲ್ಲಿ ಕಾನೂನನ್ನು ಸರಿಯಾಗಿ ತಿಳಿದಿರಬೇಕು. ಸ್ವಇಚ್ಛೆಯಿಂದ ವೃತ್ತಿಯಲ್ಲಿರುವ ವಯಸ್ಕರನ್ನು ದಾಳಿಯಲ್ಲಿ ಬಂಧಿಸಬಾರದು ಎಂದು 2022ರ ಆದೇಶವೇ ಹೇಳಿಬಿಟ್ಟಿದೆ ಎಂದು ನಮ್ಮವರೇ ಹಲವರು ನಂಬಿದ್ದಾರೆ. ಕೋರ್ಟ್ ನೇಮಿಸಿದ ಸಮಿತಿ ಹಾಗೆ ಶಿಫಾರಸು ಮಾಡಿದ್ದು ನಿಜ. ಆದರೆ ಕೇಂದ್ರ ಸರ್ಕಾರ ತಕರಾರು ತೆಗೆದ ನಾಲ್ಕು ಶಿಫಾರಸುಗಳಲ್ಲಿ ಅದೂ ಸೇರಿತ್ತು. ಜಾರಿಗೆ ತನ್ನಿ ಎಂದು ಕೋರ್ಟ್ ಹೇಳಿದ್ದು ಉಳಿದ ಆರನ್ನು. ಕಾಂಡೋಮನ್ನು ಅಪರಾಧದ ಸಾಕ್ಷ್ಯವೆಂದು ನೋಡಬಾರದು ಎಂಬುದು ಆ ಆರರಲ್ಲಿದೆ. ಹಾಗಾಗಿ ಬಂಧನದ ಬಗ್ಗೆ ವಾದಿಸಿ ಸೋಲುವ ಬದಲು ಕಾಂಡೋಮ್ ವಿಷಯವನ್ನೇ ಹಿಡಿದೆ. ಆದೇಶದ ಆ ಪುಟವನ್ನು ಮೊಬೈಲಿನಲ್ಲಿ ತೋರಿಸಿದೆ. ಪಂಚನಾಮೆಯಿಂದ ಆ ಸಾಲು ಹೋಯಿತು, ಪ್ರಕರಣ ಉಳಿಯಿತು.

ಹುಡುಗಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ಆಶ್ರಯ ಕೇಂದ್ರಕ್ಕೆ ಕಳುಹಿಸಿದರು. ವಿಚಾರಣೆ ನಡೆಯುವಾಗ ಹೀಗೆ ಇರಿಸಿಕೊಳ್ಳಲು ಕಾಯ್ದೆಯಲ್ಲಿ ಮೂರು ವಾರದ ಮಿತಿ ಇದೆ. ಆ ದಿನಗಳನ್ನು ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೆ. ಮೊದಲ ವಾರ ಅವಳು ಮಾತಾಡಲಿಲ್ಲ. ನಾನೂ ಏನೂ ಕೇಳದೆ ಪಕ್ಕದಲ್ಲಿ ಕುಳಿತು ಬಂದೆ. ಎರಡನೇ ವಾರ ಅವಳೇ, ‘ನನ್ನನ್ನು ಮನೆಗೆ ಕಳುಹಿಸಬೇಡಿ’ ಎಂದಳು. ಕೆಲಸ ಕೊಡಿಸುತ್ತೇನೆಂದು ಕರೆದೊಯ್ದವನು ಮನೆಯ ಸಂಬಂಧಿಯೇ ಆಗಿದ್ದ. ತಂದೆ ತಾಯಿ ಕರೆಯಲು ಬಂದಾಗ ಎಲ್ಲರಿಗೂ ನೆಮ್ಮದಿಯಾಗಿತ್ತು, ಅವಳಿಗೆ ಮಾತ್ರ ಆಗಿರಲಿಲ್ಲ. ಅವಳ ಮಾತನ್ನು ಬರಹದಲ್ಲಿ ನ್ಯಾಯಾಲಯದ ಮುಂದಿಟ್ಟೆವು. ಈಗ ಚಿತ್ರದುರ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಹೊಲಿಗೆ ಕಲಿಯುತ್ತಿದ್ದಾಳೆ. ಪರಿಹಾರದ ಅರ್ಜಿ ಕಾನೂನು ಸೇವಾ ಪ್ರಾಧಿಕಾರದಲ್ಲಿದೆ.

ಅಕ್ಕನ ಪ್ರಕರಣ ಇನ್ನೂ ನಡೆಯುತ್ತಿದೆ. ಆ ರಾತ್ರಿಯ ನಂತರ ಅವರು ಅಂಥ ಸುದ್ದಿಯನ್ನು ನನಗೆ ಒಮ್ಮೆಯೂ ತಿಳಿಸಿಲ್ಲ. ಕಣ್ಣಿಗೆ ಬಿದ್ದಿಲ್ಲವೇ ಎಂದು ಕೇಳಿದೆ. ಬಿದ್ದಿದೆ ಎಂದರು. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ಸದ್ಯಕ್ಕೆ ನನಗಿಲ್ಲ. ಮುಂದಿನ ತಿಂಗಳು ಮತ್ತೆ ನ್ಯಾಯಾಲಯದ ದಿನಾಂಕವಿದೆ, ಬೆಳಿಗ್ಗೆ ಹತ್ತಕ್ಕೆ ಅವರ ಮನೆಯ ತಿರುವಿನಲ್ಲಿ ನಿಂತಿರುತ್ತೇನೆ. ಬಾಗಿಲವರೆಗೆ ಬರಬೇಡ ಎಂದಿದ್ದಾರೆ.