ದಿನಕ್ಕೊಂದು ಮಿಲಿಮೀಟರ್

ಶಿವಮೊಗ್ಗದಲ್ಲಿ ಮೂಳೆ ಶಸ್ತ್ರವೈದ್ಯನಾಗಿರುವ ನನ್ನ ಮುಂದೆ ಮಳೆಗಾಲದಲ್ಲಿ ಬರುವ ಮುರಿದ ಕಾಲುಗಳ ಗಾಯದೊಳಗೆ ಹೆಚ್ಚಾಗಿ ಗದ್ದೆಯ ಕೆಸರೇ ಇರುತ್ತದೆ. ಹೊಸನಗರದ ಕಡೆಯಿಂದ ಬಂದ ಆ ರೈತರ ಬಲಗಾಲಿನ ಮೇಲೆ ಉಳುಮೆಯ ಟಿಲ್ಲರ್ ಮಗುಚಿತ್ತು. ಮೊಣಕಾಲಿನ ಕೆಳಗಿನ ದಪ್ಪ ಮೂಳೆ, ಅಂದರೆ ಟಿಬಿಯಾ, ಚೂರುಚೂರಾಗಿ ಚರ್ಮದಿಂದ ಹೊರಗೆ ಬಂದಿತ್ತು. ಈ ಮೂಳೆಯ ಒಳಮಗ್ಗುಲಿಗೆ ಚರ್ಮವಲ್ಲದೆ ಬೇರೆ ಹೊದಿಕೆಯೇ ಇಲ್ಲದ ಕಾರಣ ಪೆಟ್ಟು ನೇರವಾಗಿ ತಾಗುತ್ತದೆ ಮತ್ತು ಗಾಯ ನಿಧಾನವಾಗಿ ಮಾಯುತ್ತದೆ.

ಮೊದಲ ಶಸ್ತ್ರಚಿಕಿತ್ಸೆಯಲ್ಲಿ ನಾವು ಜೋಡಿಸಿದ್ದಕ್ಕಿಂತ ತೆಗೆದದ್ದೇ ಹೆಚ್ಚು. ಸಲೈನಿನಿಂದ ಧಾರಾಳವಾಗಿ ತೊಳೆದು, ಸತ್ತ ಸ್ನಾಯುವನ್ನೂ ರಕ್ತಸಂಚಾರವಿಲ್ಲದ ಮೂಳೆಚೂರುಗಳನ್ನೂ ತೆಗೆದು, ಉಳಿದ ಮೂಳೆಯ ತುದಿಯಲ್ಲಿ ರಕ್ತದ ಹನಿ ಒಸರುವವರೆಗೆ ಕತ್ತರಿಸುತ್ತ ಹೋದಾಗ 6 ಸೆಂಟಿಮೀಟರಿನಷ್ಟು ಜಾಗ ಖಾಲಿಯಾಯಿತು. ಹೊರಗೆ ಕಾದಿದ್ದ ಅವರ ತಾಯಿ, ‘ಇರೋ ಮೂಳೇನೂ ಕಡ್ದು ತೆಗೆದ್ರೆ ಕಾಲು ಉಳೀತದಾ ಡಾಕ್ಟ್ರೇ?’ ಎಂದು ಕೇಳಿದರು. ಸತ್ತ ಮೂಳೆಯನ್ನು ಒಳಗೆ ಬಿಟ್ಟರೆ ಅದು ಕೀವಿನ ಮನೆಯಾಗುತ್ತದೆ ಎಂದು ವಿವರಿಸಿದೆ. ವೃತ್ತಿಯ ಆರಂಭದಲ್ಲಿ ಮೂಳೆಯ ಮೇಲಿನ ಮಮತೆಯಿಂದ ಅಂಥ ಚೂರುಗಳನ್ನು ಉಳಿಸಿ, ಆಮೇಲೆ ತಿಂಗಳುಗಟ್ಟಲೆ ಪಶ್ಚಾತ್ತಾಪಪಟ್ಟವನು ನಾನು.

ಕೆಲವು ದಿನಗಳ ನಂತರ ಮೀನಖಂಡದ ಸೋಲಿಯಸ್ ಸ್ನಾಯುವನ್ನು ತಿರುಗಿಸಿ ಗಾಯ ಮುಚ್ಚಿದೆವು. ತೊಡೆಯ ಚರ್ಮವನ್ನು ಅದರ ಮೇಲೆ ಹಾಸಿದೆವು. ಖಾಲಿ ಜಾಗವನ್ನು ತುಂಬಲು ಎರಡು ದಾರಿಗಳನ್ನು ಯೋಚಿಸಿದ್ದೆ. ಒಂದು, ಫ್ರಾನ್ಸಿನ ಶಸ್ತ್ರವೈದ್ಯ ಮಸ್ಕೆಲೆ ಅವರದು: ಆ ಜಾಗದಲ್ಲಿ ಮೂಳೆ ಸಿಮೆಂಟಿನ ಗಟ್ಟಿಯನ್ನಿಟ್ಟು, ಆರರಿಂದ ಎಂಟು ವಾರಗಳಲ್ಲಿ ಅದರ ಸುತ್ತ ಬೆಳೆಯುವ ಪೊರೆಯೊಳಗೆ ಸೊಂಟದ ಮೂಳೆಯ ಪುಡಿಯನ್ನು ತುಂಬುವುದು. ಇನ್ನೊಂದು, ಸೈಬೀರಿಯಾದ ಕುರ್ಗಾನಿನಲ್ಲಿ ವೈದ್ಯ ಇಲಿಜಾರೊವ್ 1950ರ ದಶಕದಲ್ಲಿ ರೂಪಿಸಿದ, ಕಾಲಿನ ಸುತ್ತ ಕೂರಿಸಿ ಚರ್ಮದ ಮೂಲಕ ಹಾಯಿಸಿದ ತಂತಿಗಳಿಂದ ಮೂಳೆಗೆ ಬಿಗಿಯುವ ಉಂಗುರಗಳ ಚೌಕಟ್ಟು. 6 ಸೆಂಟಿಮೀಟರ್ ತುಂಬುವಷ್ಟು ಮೂಳೆಯನ್ನು ಸೊಂಟದಿಂದ ತೆಗೆಯುವುದು ನನಗೆ ಸರಿಬರಲಿಲ್ಲ. ಚೌಕಟ್ಟಾದರೆ ರೋಗಿ ಕಾಲೂರಿ ಓಡಾಡಬಹುದು. ನಮ್ಮ ಕಡೆ ಇದನ್ನು ‘ರಿಂಗು’ ಎಂದೇ ಕರೆಯುತ್ತಾರೆ.

ಟಿಬಿಯಾದ ಮೇಲ್ಭಾಗದಲ್ಲಿ, ಹೊರಪೊರೆಗೆ ಆದಷ್ಟು ಧಕ್ಕೆಯಾಗದಂತೆ, ಸಣ್ಣ ಉಳಿಯಿಂದ ಮೂಳೆಯನ್ನು ಅಡ್ಡಕ್ಕೆ ಕಡಿದು ಒಂದು ತುಂಡನ್ನು ಬಿಡಿಸಿದೆ. ಏಳು ದಿನ ಸುಮ್ಮನೆ ಬಿಟ್ಟು, ಆಮೇಲೆ ಆ ಮೂಳೆಯ ತುಂಡನ್ನು ದಿನಕ್ಕೆ 1 ಮಿಲಿಮೀಟರಿನಂತೆ ಕೆಳಕ್ಕೆ ಸರಿಸತೊಡಗಿದೆವು. ತುಂಡು ಸರಿದಂತೆ ಅದರ ಹಿಂದೆ ಹೊಸ ಮೂಳೆ ಹುಟ್ಟುತ್ತದೆ. ವೇಗ ಹೆಚ್ಚಾದರೆ ಎಳೆ ಮೂಳೆ ಹರಿಯುತ್ತದೆ, ಕಡಿಮೆಯಾದರೆ ಬೇಗನೆ ಗಟ್ಟಿಯಾಗಿ ತುಂಡು ಅಲ್ಲೇ ನಿಂತುಬಿಡುತ್ತದೆ. ಒಂದು ಸುತ್ತಿಗೆ 1 ಮಿಲಿಮೀಟರ್ ಸರಿಯುವ ಚೌಕಟ್ಟಿನ ನಟ್ಟನ್ನು ದಿನಕ್ಕೆ ನಾಲ್ಕು ಸಲ ಕಾಲು ಸುತ್ತು ತಿರುಗಿಸಬೇಕು. ಆಸ್ಪತ್ರೆಯಲ್ಲಿ ಇದನ್ನು ರೋಗಿಯ ಹೆಂಡತಿಗೆ ಕಲಿಸಿ ಊರಿಗೆ ಕಳುಹಿಸಿದೆ.

ನಟ್ಟು ತಿರುಗಿಸತೊಡಗಿದ ಹದಿನಾಲ್ಕನೆಯ ದಿನದ ಎಕ್ಸ್‌ರೇಯಲ್ಲಿ 14 ಮಿಲಿಮೀಟರ್ ಅಂತರ ಕಾಣಬೇಕಿತ್ತು, ಕಂಡದ್ದು ಸುಮಾರು 7. ವಿಚಾರಿಸಿದಾಗ ತಿಳಿಯಿತು: ಬೆಳಗ್ಗೆ, ಮಧ್ಯಾಹ್ನ, ಸಂಜೆ ಹೆಂಡತಿ ತಿರುಗಿಸುತ್ತಿದ್ದರು, ರಾತ್ರಿಯ ಸರದಿ ಅವರ ಭಾವನದು. ಹೆಂಡತಿ ಹಾಸಿಗೆಯ ಕಾಲ್ದೆಸೆಯಲ್ಲಿ ಕುಳಿತರೆ ಭಾವ ತಲೆದೆಸೆಯಲ್ಲಿ ಕೂರುತ್ತಿದ್ದರು. ಬಲವೆಂದು ಹೇಳಿಕೊಟ್ಟದ್ದು ಅಲ್ಲಿಂದ ಎಡವಾಗಿ, ಹಗಲು ಮೂರು ಸಲ ಮುಂದೆ ಹೋದ ನಟ್ಟು ರಾತ್ರಿ ಒಂದು ಸಲ ಹಿಂದೆ ಬರುತ್ತಿತ್ತು. ತಪ್ಪು ನನ್ನದು. ಒಬ್ಬರಿಗಷ್ಟೇ ಕಲಿಸಿದ್ದೆ, ಅದೂ ಬಾಯಿಮಾತಿನಲ್ಲಿ. ಅಂದೇ ಕೆಂಪು ಉಗುರುಬಣ್ಣ ತರಿಸಿ ಪ್ರತಿ ನಟ್ಟಿನ ಬಳಿಯೂ ಬಾಣ ಬರೆದೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ನಾಲ್ಕು ಗೀಟು ಹಾಕಲು ಹೇಳಿದೆ. ಅದೃಷ್ಟಕ್ಕೆ ಎಳೆ ಮೂಳೆ ಇನ್ನೂ ಗಟ್ಟಿಯಾಗಿರಲಿಲ್ಲ. ಈಗ ಉಗುರುಬಣ್ಣದ ಶೀಶೆ ನನ್ನ ಮೇಜಿನಲ್ಲೇ ಇರುತ್ತದೆ.

ಮಲೆನಾಡಿನ ಜಡಿಮಳೆಯಲ್ಲಿ ತಂತಿಗಳು ಚರ್ಮ ಹೊಕ್ಕ ಜಾಗವನ್ನು ಒಣಗಿಸಿಡುವುದೇ ದೊಡ್ಡ ಕೆಲಸ. ತೊಳೆದ ಬಟ್ಟೆಯನ್ನು ಬಚ್ಚಲೊಲೆಯ ಮೇಲೆ ಒಣಗಿಸಿ ಸುತ್ತುತ್ತಿದ್ದರು. ಅದಕ್ಕೆ ಮಸಿ ಹತ್ತಿರುತ್ತಿತ್ತು. ಪೊಟ್ಟಣದಲ್ಲಿ ಬರುವ ಗಾಜ್ ಬಟ್ಟೆಯನ್ನು ಮಾತ್ರ ಬಳಸಲು ಹೇಳಿದೆ. ಆದರೂ ಒಂದು ತಂತಿಯ ಬುಡದಲ್ಲಿ ಕೀವಾಗಿ ಅದನ್ನು ತೆಗೆಯಬೇಕಾಯಿತು. ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪನ್ನು ಬಿಡಿಸಲು ಅದಕ್ಕಿಂತ ಹೆಚ್ಚು ಹೆಣಗಿದೆ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಮೂಳೆ ಕೂಡುವುದನ್ನು ತಡಮಾಡುತ್ತದೆ ಎಂದರೆ, ಬೀಡಿ ಸೇದುವುದಿಲ್ಲವಲ್ಲ ಎಂಬುದೇ ಅವರ ವಾದವಾಗಿತ್ತು.

ತುಂಡು ಕೆಳಗಿನ ತುದಿಯನ್ನು ಮುಟ್ಟಿದ ಮೇಲೆ ಆ ಸಂಧಿಯನ್ನು ತೆರೆದು, ನಡುವೆ ಬೆಳೆದಿದ್ದ ನಾರನ್ನು ಕೆರೆದು, ಸೊಂಟದ ಮೂಳೆಯನ್ನು ಸ್ವಲ್ಪ ತುಂಬಿದೆ. ಆಮೇಲೆ ಉಳಿದದ್ದು ಕಾಯುವ ಕೆಲಸ. ಹೊಸ ಮೂಳೆಯ ನಾಲ್ಕು ಮಗ್ಗುಲಲ್ಲಿ ಮೂರಾದರೂ ಎಕ್ಸ್‌ರೇಯಲ್ಲಿ ಗಟ್ಟಿಯಾಗಿ ಕಂಡ ಮೇಲಷ್ಟೇ, ಹನ್ನೊಂದನೆಯ ತಿಂಗಳಲ್ಲಿ, ಚೌಕಟ್ಟನ್ನು ಬಿಚ್ಚಿದೆ.

ಕಾಲು ಈಗ 1 ಸೆಂಟಿಮೀಟರ್ ಗಿಡ್ಡ. ಚಪ್ಪಲಿಗೆ ಒಂದು ಪದರ ರಬ್ಬರ್ ಹೊಲಿಸಿಕೊಂಡಿದ್ದಾರೆ. ಪಾದದ ಕೀಲು ಪೂರ್ತಿ ಮಡಚುವುದಿಲ್ಲ, ವ್ಯಾಯಾಮವನ್ನು ಇನ್ನೂ ಬೇಗ ಶುರುಮಾಡಿಸಬೇಕಿತ್ತು. ಗದ್ದೆಯ ಅಂಚಿನ ಮೇಲೆ ಕೋಲಿಲ್ಲದೆ ನಡೆಯುತ್ತಾರೆ, ಕೆಸರಿಗಿಳಿಯುವಾಗ ಮಾತ್ರ ಕೋಲು ಹಿಡಿಯುತ್ತಾರೆ.